ಸದ್ದಿಲ್ಲದ ಓದಿನ ಸದ್ದು

ತುಟಿ ಅಲುಗಿಸದೆ ಪುಸ್ತಕ ಓದುತ್ತಿರುವವರಲ್ಲಿ ಹೊರಗಿನವರಿಗೆ ಕಾಣುವ ಚಲನೆ ಒಂದೇ, ಕಣ್ಣುಗುಡ್ಡೆಗಳದ್ದು. ಅದೂ ಸರಾಗವಾಗಿ ಹರಿಯುವುದಿಲ್ಲ. ನೋಟವು ಒಂದೆಡೆ ಸುಮಾರು ಕಾಲು ಸೆಕೆಂಡು ನಿಂತು, ಥಟ್ಟನೆ ಮುಂದಕ್ಕೆ ಜಿಗಿದು, ಮತ್ತೆ ನಿಂತು, ನಡುನಡುವೆ ಹಿಂದಕ್ಕೂ ಹೊರಳಿ ಸಾಲನ್ನು ಮುಗಿಸುತ್ತದೆ. ಆ ಹೊತ್ತಿನಲ್ಲಿ ಒಳಗೆ ನಡೆಯುವುದೇನೆಂದು ಓದುಗರನ್ನೇ ಕೇಳಿದರೆ ಬರುವ ಉತ್ತರಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಕೆಲವರಿಗೆ ಪ್ರತಿ ಪದವೂ ತಮ್ಮದೇ ದನಿಯಲ್ಲಿ ಕೇಳಿಸುತ್ತದೆ, ಕೆಲವರಿಗೆ ಕಾದಂಬರಿಯ ಒಂದೊಂದು ಪಾತ್ರಕ್ಕೂ ಒಂದೊಂದು ಕಂಠವಿರುತ್ತದೆ, ಕೆಲವರಿಗೆ ದನಿಯ ಗೊಡವೆಯಿಲ್ಲದೆ ದೃಶ್ಯಗಳೇ ಕಣ್ಣಿಗೆ ಕಟ್ಟುತ್ತವೆ, ಇನ್ನು ಕೆಲವರಿಗೆ ದನಿಯೂ ಇಲ್ಲದೆ ದೃಶ್ಯವೂ ಇಲ್ಲದೆ ಅರ್ಥ ಮಾತ್ರ ತಿಳಿಯುತ್ತ ಹೋಗುತ್ತದೆ. ಈ ಎಲ್ಲ ಬಗೆಯವರಲ್ಲಿಯೂ ಬಹುಮಂದಿ ಲೋಕವೆಲ್ಲ ತಮ್ಮ ಹಾಗೆಯೇ ಓದುತ್ತದೆಂದು ನಂಬಿಕೊಂಡಿರುತ್ತಾರೆ. ಈ ವಿಷಯದ ಅಧ್ಯಯನಕ್ಕೆ ಬಹುಕಾಲ ಅಡ್ಡಿಯಾಗಿದ್ದುದು ಉಪಕರಣಗಳ ಕೊರತೆಗಿಂತ ಹೆಚ್ಚಾಗಿ ಈ ನಂಬಿಕೆಯೇ. ಓದುವಾಗ ಮನಸ್ಸಿಗೆ ಕೇಳಿಸುವ ಮಾತನ್ನು ಇಲ್ಲಿ ಒಳದನಿಯೆಂದೂ, ಎದುರಿಗಿಲ್ಲದ ವಸ್ತುವು ಮನಸ್ಸಿಗೆ ಕಂಡಂತಾಗುವುದನ್ನು ಮನೋಬಿಂಬವೆಂದೂ ಕರೆಯಲಾಗಿದೆ.

ಮೌನ ಓದಿನ ಚರಿತ್ರೆ ಬರೆಯಹೊರಟವರು ಸಾಮಾನ್ಯವಾಗಿ ಮಿಲಾನಿನ ಬಿಷಪ್ ಆಂಬ್ರೋಸನ ಹೆಸರನ್ನು ಮೊದಲು ಎತ್ತುತ್ತಾರೆ. ಕ್ರಿ.ಶ. ನಾಲ್ಕನೆಯ ಶತಮಾನದ ಕೊನೆಯ ವೇಳೆಗೆ ಸಂತ ಅಗಸ್ಟೀನ್ ಬರೆದ ಆತ್ಮನಿವೇದನೆಯಲ್ಲಿ, ಆಂಬ್ರೋಸ್ ಓದುವಾಗ ಅವನ ಕಣ್ಣು ಪುಟದ ಮೇಲೆ ಚಲಿಸುತ್ತಿದ್ದರೂ ನಾಲಗೆ ಸುಮ್ಮನಿರುತ್ತಿದ್ದ ಸಂಗತಿ ವಿಶೇಷವೆಂಬಂತೆ ದಾಖಲಾಗಿದೆ. ಇದನ್ನು ಆಧರಿಸಿ, ಪ್ರಾಚೀನ ಕಾಲದವರಿಗೆ ಸದ್ದಿಲ್ಲದೆ ಓದುವುದು ಬರುತ್ತಲೇ ಇರಲಿಲ್ಲವೆಂಬ ಮಾತು ಇಪ್ಪತ್ತನೆಯ ಶತಮಾನದಲ್ಲಿ ಹಬ್ಬಿತು. 1968ರಲ್ಲಿ ಬರ್ನಾರ್ಡ್ ನಾಕ್ಸ್ ಎಂಬ ವಿದ್ವಾಂಸರು ಇದನ್ನು ಪ್ರಶ್ನಿಸಿ, ಕ್ರಿಸ್ತಪೂರ್ವ ಐದನೆಯ ಶತಮಾನದ ಗ್ರೀಕ್ ನಾಟಕಗಳಲ್ಲಿಯೇ ಪಾತ್ರಗಳು ರಂಗದ ಮೇಲೆ ಓಲೆಯನ್ನು ಮೌನವಾಗಿ ಓದಿಕೊಳ್ಳುವ ಸನ್ನಿವೇಶಗಳಿರುವುದನ್ನು ತೋರಿಸಿದರು. ಯೂರಿಪಿಡೀಸನ ‘ಹಿಪ್ಪೊಲಿಟಸ್’ ನಾಟಕದಲ್ಲಿ ಥೀಸಿಯಸ್ ತನ್ನ ಸತ್ತ ಹೆಂಡತಿಯ ಕೈಯಲ್ಲಿದ್ದ ಬರಹವನ್ನು ಓದುವುದು ಹಾಗೆಯೇ. ಆದ್ದರಿಂದ ಪ್ರಾಚೀನರಿಗೆ ಮೌನ ಓದು ಸಾಧ್ಯವಿತ್ತು, ಆದರೆ ಅದು ರೂಢಿಯಾಗಿರಲಿಲ್ಲ ಎಂದು ಹೇಳುವುದೇ ಹೆಚ್ಚು ಸರಿ. ಪದಗಳ ನಡುವೆ ತೆರಪು ಬಿಡದೆ ಬರೆಯುತ್ತಿದ್ದ ಲ್ಯಾಟಿನ್ ಬರವಣಿಗೆಗೆ ಏಳು ಎಂಟನೆಯ ಶತಮಾನಗಳಲ್ಲಿ ಐರ್ಲೆಂಡಿನ ಲಿಪಿಕಾರರು ತೆರಪನ್ನು ತಂದುದರಿಂದ ಮೌನ ಓದು ಸಲೀಸಾಯಿತೆಂಬುದು ಪಾಲ್ ಸ್ಯಾಂಗರ್ ಎಂಬ ಇತಿಹಾಸಕಾರರ ವಾದ.

ಕನ್ನಡದ ಓಲೆಗರಿಗಳಲ್ಲಿಯೂ ಪದ ಪದಗಳ ನಡುವೆ ತೆರಪು ಬಿಡುವ ಪದ್ಧತಿ ಇರಲಿಲ್ಲ. ಅಕ್ಷರಗಳ ಅಖಂಡ ಸಾಲಿನಲ್ಲಿ ಪದವನ್ನು ಎಲ್ಲಿ ಒಡೆಯಬೇಕೆಂಬುದನ್ನು ಓದುವವರ ನಾಲಗೆ ಮತ್ತು ಕಿವಿಗಳು ಛಂದಸ್ಸಿನ ನೆರವಿನಿಂದ ತೀರ್ಮಾನಿಸಬೇಕಿತ್ತು, ಆದ್ದರಿಂದ ಕಾವ್ಯವೆಂಬುದು ಬಹುಪಾಲು ಕೇಳುವ ವಸ್ತುವಾಗಿಯೇ ಉಳಿದಿತ್ತು. ಗಮಕಿಯು ರಾಗವಾಗಿ ವಾಚಿಸಿ ವ್ಯಾಖ್ಯಾನಕಾರರು ಅರ್ಥ ಬಿಡಿಸುವ ಸಂಪ್ರದಾಯ ಇಂದಿಗೂ ಅದರ ಕುರುಹಾಗಿ ಉಳಿದಿದೆ. ಹಾಗೆಂದು ಸದ್ದಿಲ್ಲದ ಮಾತಿನ ಕಲ್ಪನೆ ಇಲ್ಲಿ ಇರಲಿಲ್ಲವೆಂದಲ್ಲ. ಜಪವನ್ನು ಇತರರಿಗೆ ಕೇಳುವಂಥ ವಾಚಿಕ, ತುಟಿ ಮಾತ್ರ ಅಲುಗುವ ಉಪಾಂಶು, ಮನಸ್ಸಿನಲ್ಲಿಯೇ ನಡೆಯುವ ಮಾನಸ ಎಂದು ವಿಂಗಡಿಸಿ, ಉಪಾಂಶುವಿಗಿಂತ ಮಾನಸಕ್ಕೆ ಹೆಚ್ಚಿನ ಫಲವನ್ನು ಮನುಸ್ಮೃತಿ ಹೇಳುತ್ತದೆ. ವೈಯಾಕರಣ ಭರ್ತೃಹರಿಯು ‘ವಾಕ್ಯಪದೀಯ’ದಲ್ಲಿ ಕಿವಿಗೆ ಕೇಳುವ ವೈಖರಿ, ಒಳಗಿನ ಮಧ್ಯಮಾ, ಅದಕ್ಕೂ ಒಳಗಿನ ಪಶ್ಯಂತೀ ಎಂದು ಮಾತಿನ ಮೂರು ನೆಲೆಗಳನ್ನು ಗುರುತಿಸಿದ್ದಾನೆ, ಆ ಗ್ರಂಥದ ಪ್ರಾಚೀನ ವೃತ್ತಿಯು ಮಧ್ಯಮೆಯನ್ನು ವಿವರಿಸುವಾಗ, ಅದು ಬುದ್ಧಿಯಲ್ಲಿ ಮಾತ್ರ ಇರುವುದಾದರೂ ಒಂದಾದ ಮೇಲೊಂದು ಬರುವ ಕ್ರಮವನ್ನು ಉಳಿಸಿಕೊಂಡಂತಿರುತ್ತದೆ ಎನ್ನುತ್ತದೆ. ಇದು ತತ್ತ್ವಶಾಸ್ತ್ರದ ವಿಶ್ಲೇಷಣೆಯೇ ಹೊರತು ಮಿದುಳಿನ ಶೋಧನೆಯಲ್ಲ, ಆಧುನಿಕ ವಿಜ್ಞಾನವೆಲ್ಲ ಹಿಂದೆಯೇ ಗೊತ್ತಿತ್ತೆಂದು ಬೀಗುವವರಿಗೆ ಇದರಲ್ಲಿ ಆಧಾರವೂ ಇಲ್ಲ. ಆದರೆ ಕ್ರಮದ ಬಗೆಗಿನ ಆ ಒಂದು ಗಮನಿಕೆ ಎಷ್ಟು ಸೂಕ್ಷ್ಮವಾದುದೆಂಬುದು ಮುಂದಿನ ಪ್ರಯೋಗಗಳಿಂದ ತಿಳಿಯುತ್ತದೆ.

ಪ್ರಯೋಗಶಾಲೆಯ ವಿಜ್ಞಾನವು ಒಳದನಿಯನ್ನು ಮೊದಲು ಹುಡುಕಿದ್ದು ಮಿದುಳಿನಲ್ಲಲ್ಲ, ಗಂಟಲಿನಲ್ಲಿ. ಅಮೆರಿಕದ ಎಡ್ಮಂಡ್ ಹ್ಯೂಯಿ 1908ರಲ್ಲಿ ಪ್ರಕಟಿಸಿದ ಓದಿನ ಮನಶ್ಶಾಸ್ತ್ರದ ಗ್ರಂಥದಲ್ಲಿ, ಮೌನ ಓದಿನಲ್ಲಿ ಬಹುಮಂದಿಗೆ ಒಳಗಿನ ಮಾತು ಜೊತೆಗೂಡಿರುತ್ತದೆಂದು ವಿವರವಾಗಿ ಬರೆದರು. ಮನಸ್ಸೆಂಬುದನ್ನೇ ವಿಜ್ಞಾನದಿಂದ ಹೊರಗಟ್ಟಲು ಹೊರಟಿದ್ದ ಜಾನ್ ವಾಟ್ಸನ್ ಇನ್ನೂ ಮುಂದೆ ಹೋಗಿ, ಆಲೋಚನೆಯೆಂದರೆ ಧ್ವನಿಪೆಟ್ಟಿಗೆಯ ಸ್ನಾಯುಗಳ ಕಾಣದ ಚಲನೆಯಷ್ಟೇ ಎಂಬಂತೆ ವಾದಿಸಿದರು. ಹಾಗಿದ್ದರೆ ಸ್ನಾಯುಗಳೆಲ್ಲ ನಿಶ್ಚಲವಾದವರಿಗೆ ಆಲೋಚನೆಯೂ ನಿಲ್ಲಬೇಕಷ್ಟೆ. 1947ರಲ್ಲಿ ಅಮೆರಿಕದ ವೈದ್ಯ ಸ್ಕಾಟ್ ಸ್ಮಿತ್ ತಮ್ಮ ಮೇಲೆಯೇ ಇದನ್ನು ಪರೀಕ್ಷಿಸಿಕೊಂಡರು: ದಕ್ಷಿಣ ಅಮೆರಿಕದ ಆದಿವಾಸಿಗಳು ಬಾಣಗಳಿಗೆ ಸವರುತ್ತಿದ್ದ ಕ್ಯುರಾರೆ ವಿಷದಿಂದ ತೆಗೆದ ಔಷಧವನ್ನು ಚುಚ್ಚಿಸಿಕೊಂಡು, ಉಸಿರಾಟವನ್ನು ಇತರರು ನಡೆಸಿಕೊಡುತ್ತಿರಲು, ಕಣ್ಣರೆಪ್ಪೆಯನ್ನೂ ಮಿಟುಕಿಸಲಾಗದ ಸ್ಥಿತಿ ತಲುಪಿದರು. ಔಷಧದ ಪ್ರಭಾವ ಇಳಿದ ಮೇಲೆ ಅವರು ಆ ಅವಧಿಯಲ್ಲಿ ತಮ್ಮ ಸುತ್ತ ನಡೆದುದನ್ನೂ ಆಡಿದ ಮಾತುಗಳನ್ನೂ ಸ್ಪಷ್ಟವಾಗಿ ನೆನಪಿಸಿಕೊಂಡು ಹೇಳಿದರು. ವಾಟ್ಸನ್‌ರ ಸಿದ್ಧಾಂತ ಅಲ್ಲಿಗೆ ನೆಲಕಚ್ಚಿತು. ಇಂಥ ಪ್ರಯೋಗಕ್ಕೆ ಇಂದು ಯಾವ ನೈತಿಕ ಸಮಿತಿಯೂ ಒಪ್ಪಿಗೆ ಕೊಡಲಾರದು.

ಆದರೆ ಸ್ನಾಯುಗಳ ಕಥೆ ಅಲ್ಲಿಗೆ ಮುಗಿಯಲಿಲ್ಲ. ಆಲೋಚನೆಗೆ ಗಂಟಲು ಬೇಕಿಲ್ಲವೆಂದು ತೀರ್ಮಾನವಾದ ಮೇಲೂ, ಓದುವಾಗ ಗಂಟಲಿನಲ್ಲಿ ಏನೋ ನಡೆಯುತ್ತದೆಂಬುದನ್ನು ಅಳೆದು ತೋರಿಸಬಹುದಾಗಿತ್ತು. 1966ರಲ್ಲಿ ಕರ್ಟಿಸ್ ಹಾರ್ಡಿಕ್ ಮತ್ತು ಸಂಗಡಿಗರು ವಿದ್ಯಾರ್ಥಿಗಳ ಕುತ್ತಿಗೆಯ ಚರ್ಮಕ್ಕೆ ವಿದ್ಯುದ್ವಾರಗಳನ್ನು ಅಂಟಿಸಿ, ಮೌನವಾಗಿ ಓದುವಾಗ ಧ್ವನಿಪೆಟ್ಟಿಗೆಯ ಸ್ನಾಯುಗಳು ಮಿಡಿದ ಕೂಡಲೇ ಅದರ ಸೂಚನೆ ಸದ್ದಾಗಿ ಓದುವವರಿಗೇ ಕೇಳಿಸುವಂತೆ ಮಾಡಿದರು. ಆ ಸದ್ದು ಬರದಂತೆ ಓದಬೇಕೆಂದು ಹೇಳಿದಾಗ, ವರ್ಷಗಟ್ಟಲೆ ಬಿಡಲಾಗದಿದ್ದ ಅಭ್ಯಾಸವನ್ನು ಅವರು ಒಂದೇ ಕೂರಿಕೆಯಲ್ಲಿ ಬಿಟ್ಟರು. ಓದಿನ ವೇಗಕ್ಕೆ ತೊಡಕೆನಿಸಿದ್ದ ಗೊಣಗಾಟ ನಿಂತಿತೆಂದು ಶಿಕ್ಷಣತಜ್ಞರು ಸಂತೋಷಪಟ್ಟಿರಬೇಕು. ಆದರೆ ಹಾರ್ಡಿಕ್ ಮತ್ತು ಪೆಟ್ರಿನೋವಿಚ್ 1970ರಲ್ಲಿ ಅದನ್ನೇ ಮುಂದುವರಿಸಿ ನೋಡಿದಾಗ, ಸುಲಭವಾದ ಬರಹವನ್ನು ಗಂಟಲು ಸುಮ್ಮನಿಟ್ಟುಕೊಂಡು ಓದಿದರೂ ಅರ್ಥವಾಗುತ್ತಿತ್ತು, ಕ್ಲಿಷ್ಟವಾದ ಬರಹ ಮಾತ್ರ ಕೈತಪ್ಪುತ್ತಿತ್ತು. ಕಾನೂನಿನ ಪತ್ರವನ್ನೋ ವಿಮೆಯ ಷರತ್ತುಗಳನ್ನೋ ಓದುವ ದೊಡ್ಡವರ ತುಟಿಗಳು ತಾವಾಗಿಯೇ ಅಲುಗತೊಡಗುವುದಕ್ಕೂ ಇದಕ್ಕೂ ಸಂಬಂಧವಿದೆ.

ಕಠಿಣವಾದುದನ್ನು ಓದುವಾಗ ದನಿ ಏಕೆ ಬೇಕಾಗುತ್ತದೆಂಬುದಕ್ಕೆ ಉತ್ತರ ಸಿಕ್ಕಿದ್ದು ಅಲ್ಪಾವಧಿ ಸ್ಮರಣೆಯ, ಎಂದರೆ ಕೆಲವೇ ಸೆಕೆಂಡುಗಳ ಮಟ್ಟಿಗೆ ವಿಷಯವನ್ನು ಹಿಡಿದಿಡುವ ಮನಶ್ಶಕ್ತಿಯ ಅಧ್ಯಯನದಿಂದ. 1964ರಲ್ಲಿ ಇಂಗ್ಲೆಂಡಿನ ಆರ್. ಕಾನ್ರಾಡ್ ಇಂಗ್ಲಿಷ್ ಅಕ್ಷರಗಳ ಸರಣಿಯನ್ನು ಕಣ್ಣಿಗೆ ಮಾತ್ರ ತೋರಿಸಿ ನೆನಪಿನಿಂದ ಬರೆಯಹೇಳಿದರು. ಜನ ಮಾಡಿದ ತಪ್ಪುಗಳು ಆಕಾರದ ಹೋಲಿಕೆಯಿಂದ ಹುಟ್ಟಿದವಾಗಿರಲಿಲ್ಲ. ‘ಬಿ’ಯ ಜಾಗದಲ್ಲಿ ‘ವಿ’ ಬರುವಂತೆ ಉಚ್ಚಾರದ ಹೋಲಿಕೆಯಿಂದ ಹುಟ್ಟಿದವಾಗಿದ್ದವು. ಕಣ್ಣಿನಿಂದ ಒಳಹೋದದ್ದು ಕಿವಿಯ ರೂಪ ತಳೆದು ಸ್ಮರಣೆಯಲ್ಲಿ ನಿಂತಿತ್ತು. 1974ರಲ್ಲಿ ಅಲನ್ ಬ್ಯಾಡ್ಲಿ ಮತ್ತು ಗ್ರಹಾಂ ಹಿಚ್ ಮಂಡಿಸಿದ ಮಾದರಿಯ ಪ್ರಕಾರ ಸ್ಮರಣೆಯ ಒಂದು ಅಂಗವು ಪದಗಳನ್ನು ಧ್ವನಿರೂಪದಲ್ಲಿ ಮತ್ತೆ ಮತ್ತೆ ಪಠಿಸಿಕೊಂಡು ಮಾಸದಂತೆ ಕಾಪಾಡುತ್ತದೆ. ಓದುವವರಿಂದ ಅರ್ಥವಿಲ್ಲದ ಒಂದೇ ಪದವನ್ನು ಎಡೆಬಿಡದೆ ಹೇಳಿಸುತ್ತಿದ್ದರೆ ಆ ಅಂಗ ಬೇರೆ ಕೆಲಸಕ್ಕೆ ಸಿಗದೆ, ಪದಗಳ ಕ್ರಮ ಕಲಸಿಹೋಗುತ್ತದೆ. ಕ್ರಿಯಾಪದವು ವಾಕ್ಯದ ತುದಿಯಲ್ಲಿ ಬರುವ ಕನ್ನಡದಂಥ ಭಾಷೆಯಲ್ಲಿ, ಕರ್ತೃ ಕರ್ಮ ವಿಶೇಷಣಗಳನ್ನೆಲ್ಲ ಆ ಕೊನೆಯ ಪದ ಬರುವತನಕ ಕ್ರಮ ಕೆಡದಂತೆ ಹಿಡಿದಿಟ್ಟುಕೊಳ್ಳಬೇಕಾದ ಓದುಗರಿಗೆ ಈ ಅಂಗ ಎಷ್ಟು ಬೇಕಾದುದೆಂದು ಊಹಿಸುವುದು ಕಷ್ಟವಲ್ಲ.

ದನಿಯೇ ಇದರ ಏಕಮಾತ್ರ ಮಾಧ್ಯಮವೆಂದು ಭಾವಿಸುವುದಕ್ಕೂ ಎಡೆಯಿಲ್ಲ. ಹುಟ್ಟುಕಿವುಡರಾಗಿದ್ದು ಸಂಜ್ಞಾಭಾಷೆಯನ್ನೇ ತಾಯ್ನುಡಿಯಾಗಿ ಪಡೆದವರಿಗೆ ಸಂಜ್ಞೆಗಳ ಸರಣಿಯನ್ನು ತೋರಿಸಿ ನೆನಪಿಸಿಕೊಳ್ಳಲು ಹೇಳಿದಾಗ ಅವರ ತಪ್ಪುಗಳು ಹಸ್ತದ ಆಕಾರ, ಸ್ಥಾನ ಮತ್ತು ಚಲನೆಗಳ ಹೋಲಿಕೆಯನ್ನು ಅನುಸರಿಸಿದ್ದವೆಂದು ಅರ್ಸುಲಾ ಬೆಲೂಜಿ ಮತ್ತು ಎಡ್ವರ್ಡ್ ಕ್ಲಿಮಾ 1975ರಲ್ಲಿ ಸಹೋದ್ಯೋಗಿಯೊಬ್ಬರೊಂದಿಗೆ ವರದಿ ಮಾಡಿದರು. ಅವರ ಒಳಗೆ ನಡೆಯುತ್ತಿದ್ದ ಪಠಣ ಕೈಗಳದು.

ಇಷ್ಟೆಲ್ಲ ತಿಳಿದ ಮೇಲೆಯೂ ಒಳದನಿಯನ್ನು ಅಡಗಿಸಿದರೆ ಓದು ಹಲವು ಪಟ್ಟು ವೇಗವಾಗುತ್ತದೆಂದು ಸಾರುವ ವೇಗಪಠನದ ತರಗತಿಗಳು ನಿಂತಿಲ್ಲ. ಅಮೆರಿಕದಲ್ಲಿ 1959ರ ಸುಮಾರಿಗೆ ಎವೆಲಿನ್ ವುಡ್ ಆರಂಭಿಸಿದ ಈ ವ್ಯಾಪಾರ ಈಗ ಮೊಬೈಲ್ ಆಪ್‌ಗಳಿಗೂ ಹಬ್ಬಿದೆ. ಇಂಗ್ಲಿಷಿನಲ್ಲಿ ಓದಿನ ವೇಗವನ್ನು ಅಳೆದ ಅಧ್ಯಯನಗಳನ್ನೆಲ್ಲ ಕಲೆಹಾಕಿ ಮಾರ್ಕ್ ಬ್ರಿಸ್ಬಾರ್ಟ್ 2019ರಲ್ಲಿ ಲೆಕ್ಕಹಾಕಿದಂತೆ, ವಯಸ್ಕರು ಮಾಹಿತಿಪ್ರಧಾನ ಗದ್ಯವನ್ನು ಮೌನವಾಗಿ ಓದುವ ವೇಗ ನಿಮಿಷಕ್ಕೆ ಸರಾಸರಿ 238 ಪದಗಳು, ಗಟ್ಟಿಯಾಗಿ ಓದುವ ವೇಗ 183 ಪದಗಳು. ಎರಡರ ನಡುವಿನ ಅಂತರ ಮಾರಾಟಗಾರರು ಹೇಳುವಷ್ಟು ದೊಡ್ಡದಲ್ಲ. ಕಣ್ಚಲನೆಯ ಅಧ್ಯಯನದಲ್ಲಿ ಜೀವಮಾನ ಕಳೆದ ಕೀತ್ ರೇನರ್ ಮತ್ತು ಸಂಗಡಿಗರು 2016ರಲ್ಲಿ ಎಲ್ಲ ಪುರಾವೆಗಳನ್ನು ತೂಗಿ, ಒಳದನಿಯನ್ನು ತಡೆದಷ್ಟೂ ಅರ್ಥಗ್ರಹಣ ಕುಗ್ಗುತ್ತದೆಂದೂ, ವೇಗವಾಗಿ ಓದಿದೆವೆನ್ನುವವರು ಹೆಚ್ಚಾಗಿ ಪುಟದ ಮೇಲೆ ಕಣ್ಣಾಡಿಸಿರುತ್ತಾರೆಂದೂ ತೀರ್ಪು ಕೊಟ್ಟರು.

ಮಿದುಳಿನೊಳಗೆ ಇಣುಕುವ ಅವಕಾಶ ಸಿಕ್ಕಿದ್ದು ರೋಗಿಗಳಿಂದ. ಔಷಧಕ್ಕೆ ಬಗ್ಗದ ಮೂರ್ಛೆರೋಗವಿರುವ ಕೆಲವರಿಗೆ ಶಸ್ತ್ರಚಿಕಿತ್ಸೆಗೆ ಮುನ್ನ ರೋಗದ ಮೂಲ ಹುಡುಕಲು ಮಿದುಳಿನ ಒಳಗೇ ತೆಳುವಾದ ವಿದ್ಯುದ್ವಾರಗಳನ್ನು ಇಳಿಸುವುದುಂಟು. ಫ್ರಾನ್ಸಿನಲ್ಲಿ ಅಂಥ ನಾಲ್ವರು, ಪರದೆಯ ಮೇಲೆ ಪದ ಪದವಾಗಿ ಬರುವ ಕಥೆಯನ್ನು ಓದುತ್ತಿರುವಾಗ, ಮನುಷ್ಯರ ಕಂಠಕ್ಕೆ ವಿಶೇಷವಾಗಿ ಸ್ಪಂದಿಸುವ ಶ್ರವಣ ಪ್ರದೇಶದ ವಿದ್ಯುತ್ ಚಟುವಟಿಕೆಯನ್ನು ಮಾರ್ಸೆಲಾ ಪೆರೋನ್ ಬರ್ಟೊಲೊಟ್ಟಿ ಮತ್ತು ಸಂಗಡಿಗರು ದಾಖಲಿಸಿ 2012ರಲ್ಲಿ ಪ್ರಕಟಿಸಿದರು. ಕೋಣೆಯಲ್ಲಿ ಸದ್ದಿರಲಿಲ್ಲ, ಆದರೂ ಕಿವಿಯ ಪ್ರದೇಶ ಪ್ರತಿ ಪದಕ್ಕೂ ಮಿಡಿಯುತ್ತಿತ್ತು. ಹೆಚ್ಚು ಕುತೂಹಲದ ಅಂಶವೆಂದರೆ, ಓದಬೇಕಾದ ಕಥೆಯ ಪದಗಳ ನಡುವೆ ಓದದೆ ಬಿಡಬೇಕಾದ ಪದಗಳನ್ನೂ ಬೆರೆಸಿ ತೋರಿಸಿದಾಗ, ಗಮನವಿಟ್ಟು ಓದಿದ ಪದಗಳಿಗೆ ಆ ಮಿಡಿತ ಬಲವಾಗಿಯೂ ದೀರ್ಘವಾಗಿಯೂ ಇತ್ತು, ಉಪೇಕ್ಷಿಸಿದವುಗಳಿಗೆ ಕ್ಷೀಣವಾಗಿತ್ತು. ಆದ್ದರಿಂದ ಒಳದನಿಯು ಅಕ್ಷರ ಕಂಡ ಮಾತ್ರಕ್ಕೆ ತಾನಾಗಿ ಮೊಳಗುವ ಪ್ರತಿಕ್ರಿಯೆಯಲ್ಲ, ಗಮನಕ್ಕೆ ಅಧೀನವಾದುದು. ಇದಕ್ಕೆ ಒಂದು ವರ್ಷ ಮುಂಚೆ ಗ್ಲ್ಯಾಸ್ಗೋ ವಿಶ್ವವಿದ್ಯಾಲಯದ ಬೋ ಯಾವ್, ಪಾಸ್ಕಲ್ ಬೆಲಾಂ ಮತ್ತು ಕ್ರಿಸ್ಟಫ್ ಶೀಪರ್ಸ್ ಮಾಡಿದ ಸ್ಕ್ಯಾನ್ ಅಧ್ಯಯನವು ಬರಹದ ಶೈಲಿಯೂ ಇದನ್ನು ಬದಲಿಸುತ್ತದೆಂದು ತೋರಿಸಿತ್ತು: ಉದ್ಧರಣ ಚಿಹ್ನೆಯೊಳಗೆ ಪಾತ್ರದ ಮಾತನ್ನು ಹಾಗೆಯೇ ಕೊಟ್ಟಾಗ ಕಂಠಕ್ಕೆ ಸ್ಪಂದಿಸುವ ಪ್ರದೇಶಗಳು ಹೆಚ್ಚು ಚುರುಕಾಗಿದ್ದವು, ಆ ಪಾತ್ರ ಹೀಗೆಂದು ಹೇಳಿತು ಎಂದು ಪರೋಕ್ಷವಾಗಿ ವರದಿ ಮಾಡಿದಾಗ ಅಷ್ಟಿರಲಿಲ್ಲ. ಸಂಭಾಷಣೆ ಬಂದ ಕೂಡಲೇ ಕಥೆಗೆ ಜೀವ ಬಂದಂತಾಗುತ್ತದೆಂಬ ಕಾದಂಬರಿಕಾರರ ಹಳೆಯ ಅನುಭವಕ್ಕೆ ಹೀಗೊಂದು ಶಾರೀರಿಕ ಆಧಾರ ದೊರೆಯಿತು.

ಆ ಒಳದನಿ ಯಾರ ದನಿ, ಯಾವ ಊರಿನ ದನಿ ಎಂಬ ಪ್ರಶ್ನೆಗೆ ಉತ್ತರ ಹುಡುಕಿದ ರೀತಿ ಈ ಕ್ಷೇತ್ರದ ಅತ್ಯಂತ ಜಾಣ ಪ್ರಯೋಗಗಳಲ್ಲೊಂದು. ಇಂಗ್ಲೆಂಡಿನ ಉತ್ತರದವರು ‘ಪಾತ್’, ‘ಬಾತ್’ ಎಂಬ ಪದಗಳ ಸ್ವರವನ್ನು ಮೊಟಕಾಗಿ, ಬಹುಮಟ್ಟಿಗೆ ‘ಪ್ಯಾತ್’, ‘ಬ್ಯಾತ್’ ಎಂಬಂತೆ ಉಚ್ಚರಿಸುತ್ತಾರೆ. ದಕ್ಷಿಣದವರು ಅದನ್ನು ದೀರ್ಘವಾಗಿ ಎಳೆಯುತ್ತಾರೆ. ನಾಟಿಂಗ್ಹ್ಯಾಮ್ ವಿಶ್ವವಿದ್ಯಾಲಯದ ರೂತ್ ಫಿಲಿಕ್ ಮತ್ತು ಎಮ್ಮಾ ಬಾರ್ಬರ್ ಐದು ಸಾಲಿನ ತಮಾಷೆಯ ಪದ್ಯಗಳನ್ನು ತೆಗೆದುಕೊಂಡು, ಅಂಥ ಪದಗಳೊಂದಿಗೆ ಪ್ರಾಸಗೂಡಬೇಕಾದ ಕೊನೆಯ ಪದವನ್ನು ಒಂದು ಪಾಠದಲ್ಲಿ ‘ಕ್ಯಾತ್’ ಎಂದೂ ಇನ್ನೊಂದರಲ್ಲಿ ‘ಗಾರ್ತ್’ ಎಂದೂ ಇಟ್ಟರು. ಎರಡೂ ಜನರ ಹೆಸರುಗಳೇ. ಮೊದಲನೆಯದು ಉತ್ತರದವರ ಉಚ್ಚಾರಕ್ಕೆ ಪ್ರಾಸವಾಗುತ್ತದೆ, ‘ರ’ಕಾರವನ್ನು ನುಂಗಿ ದೀರ್ಘ ಸ್ವರವನ್ನಷ್ಟೇ ಉಳಿಸುವ ದಕ್ಷಿಣದವರಿಗೆ ಎರಡನೆಯದು ಪ್ರಾಸವಾಗುತ್ತದೆ. ಎರಡೂ ಕಡೆಯ ಓದುಗರು ಪದ್ಯಗಳನ್ನು ಮೌನವಾಗಿ ಓದುತ್ತಿರಲು ಅವರ ಕಣ್ಚಲನೆಯನ್ನು ಯಂತ್ರವು ದಾಖಲಿಸುತ್ತಿತ್ತು. ತಮ್ಮ ಉಚ್ಚಾರಕ್ಕೆ ಪ್ರಾಸ ಕೂಡದ ಪದ ಬಂದಾಗ ಕಣ್ಣು ಎಡವಿತು. ಬಾಯಿ ತೆರೆಯದೆ, ಯಾರೊಬ್ಬರೂ ಏನನ್ನೂ ಹೇಳದೆ, ಓದುಗರ ಊರು ಕಣ್ಣಿನಲ್ಲಿ ಪತ್ತೆಯಾಯಿತು. 2011ರಲ್ಲಿ ಪ್ರಕಟವಾದ ಈ ಅಧ್ಯಯನದ ಸೊಗಸಿರುವುದು, ಓದುಗರ ಹೇಳಿಕೆಯನ್ನು ಅದು ನೆಚ್ಚಿಕೊಳ್ಳದಿರುವುದರಲ್ಲಿ.

ಕನ್ನಡ ಪದ್ಯದ ಓದುಗರಿಗೆ ಇದು ಅಪರಿಚಿತವೇನಲ್ಲ. ಭಾಮಿನಿ ಷಟ್ಪದಿಯಲ್ಲಿ ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ಮತ್ತೆ ನಾಲ್ಕು ಎಂದು ಸಾಗುವ ನಡೆಯಲ್ಲಿ ಮುದ್ರಣದೋಷದಿಂದ ಒಂದು ಗುರುವು ಲಘುವಾಗಿಬಿಟ್ಟಿದ್ದರೆ, ಪುಸ್ತಕವನ್ನು ಮೌನವಾಗಿ ಓದುತ್ತಿದ್ದವರೂ ಅಲ್ಲಿ ಮುಗ್ಗರಿಸುತ್ತಾರೆ. ಛಂದಶ್ಶಾಸ್ತ್ರ ಕಲಿಯದವರಿಗೂ ಏನೋ ತಪ್ಪಿದೆಯೆಂದು ಗೊತ್ತಾಗುತ್ತದೆ. ಮಾತ್ರೆಯೆಂಬುದು ಕಾಲದ ಅಳತೆ, ಆದ್ದರಿಂದ ಕಣ್ಣಷ್ಟೇ ಓದುತ್ತಿದ್ದರೆ ಈ ಕೊರತೆ ತಿಳಿಯುವ ದಾರಿಯೇ ಇರಲಿಲ್ಲ. ಉಪಭಾಷೆಯ ವಿಷಯದಲ್ಲಿಯೂ ಹಾಗೆಯೇ. ನಂಜನಗೂಡು ಸೀಮೆಯ ಆಡುನುಡಿಯಲ್ಲಿರುವ ದೇವನೂರ ಮಹಾದೇವರ ‘ಕುಸುಮಬಾಲೆ’ಯನ್ನು ಬೇರೆ ಸೀಮೆಯವರು ಓದುವಾಗ ಕಣ್ಣಿಗೆ ತೊಡಕೆನಿಸಿದ ಸಾಲುಗಳು ಗಟ್ಟಿಯಾಗಿ ಹೇಳಿಕೊಂಡ ಕೂಡಲೇ ತಿಳಿಯಾಗುವುದುಂಟು: ಅವರ ಒಳದನಿಗೆ ಆ ಸೀಮೆಯ ರಾಗ ಬಾರದು, ನಾಲಗೆಯ ಮೇಲೆ ಹಾಕಿ ನೋಡಿದರೆ ಕಿವಿ ಹೇಗೋ ಗುರುತು ಹಿಡಿಯುತ್ತದೆ.

ಪರಿಚಿತ ಕಂಠವು ಓದಿನ ಮೇಲೆ ಸವಾರಿ ಮಾಡುವುದನ್ನೂ ಅಳೆಯಲಾಗಿದೆ. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಜೆಸಿಕಾ ಅಲೆಕ್ಸಾಂಡರ್ ಮತ್ತು ಲಿನ್ ನೈಗಾರ್ಡ್ 2008ರಲ್ಲಿ ಒಬ್ಬರು ಬಿರುಸಾಗಿ, ಇನ್ನೊಬ್ಬರು ನಿಧಾನವಾಗಿ ಮಾತಾಡುವ ಸಂಭಾಷಣೆಯನ್ನು ಮೊದಲು ಕೇಳಿಸಿ, ಅನಂತರ ಅವರೇ ಬರೆದದ್ದೆಂದು ಹೇಳಿ ಗದ್ಯವನ್ನು ಓದಲು ಕೊಟ್ಟರು. ನಿಧಾನಿಯು ಬರೆದದ್ದೆಂದು ನಂಬಿದ ಗದ್ಯವನ್ನು ಜನ ನಿಧಾನವಾಗಿಯೇ ಓದಿದರು. ಗಟ್ಟಿ ಓದಿನಲ್ಲಿ ಇದು ಸ್ಪಷ್ಟವಾಗಿತ್ತು, ಮೌನ ಓದಿನಲ್ಲಿ ಬರಹ ಕಠಿಣವಾಗಿದ್ದಾಗ ಕಂಡಿತು. ಟಿ.ಕೆ. ರಾಮರಾವ್ ಅವರ ‘ಬಂಗಾರದ ಮನುಷ್ಯ’ ಕಾದಂಬರಿಯನ್ನು 1972ರ ಚಲನಚಿತ್ರ ನೋಡಿದ ಮೇಲೆ ಕೈಗೆತ್ತಿಕೊಂಡ ಓದುಗರಿಗೆ ರಾಜೀವನ ಮಾತುಗಳೆಲ್ಲ ರಾಜ್‌ಕುಮಾರ್ ಅವರ ಕಂಠದಲ್ಲೇ ಕೇಳಿಸಿದರೆ, ಮುಖವೂ ಅವರದೇ ಆದರೆ, ಅದನ್ನು ಅಭಿಮಾನಿಗಳ ಅತಿರೇಕವೆಂದು ತಳ್ಳಿಹಾಕುವಂತಿಲ್ಲ. ಮಿದುಳು ಕೈಗೆ ಸಿಕ್ಕಿದ ಕಂಠವನ್ನು ಬಳಸಿಕೊಳ್ಳುತ್ತದೆ.

ಮುಖದ ಮಾತು ಬಂದುದರಿಂದ ಮನೋಬಿಂಬಗಳತ್ತ ತಿರುಗಬಹುದು. ಇದರ ಮೊದಲ ವ್ಯವಸ್ಥಿತ ವಿಚಾರಣೆ ನಡೆಸಿದ್ದು ಬ್ರಿಟನ್ನಿನ ಫ್ರಾನ್ಸಿಸ್ ಗಾಲ್ಟನ್, 1880ರಲ್ಲಿ. ಅಂದು ಬೆಳಗ್ಗೆ ಕುಳಿತಿದ್ದ ಉಪಾಹಾರದ ಮೇಜನ್ನು ಮನಸ್ಸಿಗೆ ತಂದುಕೊಂಡು, ಅದು ಮಸುಕಾಗಿದೆಯೋ ನಿಚ್ಚಳವಾಗಿದೆಯೋ, ಪಾತ್ರೆಗಳ ಅಂಚು ಸ್ಫುಟವಾಗಿವೆಯೋ, ಬಣ್ಣಗಳು ಸಹಜವಾಗಿವೆಯೋ ಎಂದು ಬರೆದು ತಿಳಿಸುವಂತೆ ಅವರು ತಮ್ಮ ಪರಿಚಿತರನ್ನು ಕೇಳಿದರು. ಕೆಲವರು ಎದುರಿಗೇ ಇದ್ದಷ್ಟು ಸ್ಪಷ್ಟವೆಂದರು. ಗಾಲ್ಟನ್‌ರನ್ನು ಬೆರಗುಗೊಳಿಸಿದ್ದು, ಮನೋಬಿಂಬವೆಂಬ ಪದವೇ ಬರೀ ಅಲಂಕಾರವೆಂದು ಭಾವಿಸಿದ್ದ ವಿಜ್ಞಾನಿಗಳ ಉತ್ತರ. ಅಮೂರ್ತ ಚಿಂತನೆಯಲ್ಲಿ ಪಳಗಿದವರಲ್ಲಿ ಈ ಶಕ್ತಿ ಕುಂದುತ್ತದೆಂದು ಅವರು ತೀರ್ಮಾನಿಸಿದರು. 2006ರಲ್ಲಿ ಇದನ್ನು ಮರುಪರಿಶೀಲಿಸಿದ ಸಂಶೋಧಕರು ವಿಜ್ಞಾನಿಗಳಲ್ಲಿ ಅಂಥ ಕೊರತೆಯೇನೂ ಇಲ್ಲವೆಂದು ತೋರಿಸಿದ್ದರಿಂದ ಆ ಭಾಗ ಬಿದ್ದುಹೋಯಿತು, ಆದರೆ ಮನುಷ್ಯ ಮನುಷ್ಯರ ನಡುವಿನ ಅಗಾಧ ವ್ಯತ್ಯಾಸವೆಂಬ ಮುಖ್ಯ ಸಂಗತಿ ಉಳಿಯಿತು.

ಓದು ಮನಸ್ಸಿನಲ್ಲಿ ಎಷ್ಟು ನಿರ್ದಿಷ್ಟವಾದ ರೂಪಗಳನ್ನು ಎಬ್ಬಿಸುತ್ತದೆಂಬುದಕ್ಕೆ ರಾಲ್ಫ್ ಜ್ವಾನ್, ರಾಬರ್ಟ್ ಸ್ಟ್ಯಾನ್‌ಫೀಲ್ಡ್ ಮತ್ತು ರಿಚರ್ಡ್ ಯಾಕ್ಸ್ಲಿ 2002ರಲ್ಲಿ ಪ್ರಕಟಿಸಿದ ಪ್ರಯೋಗ ಒಳ್ಳೆಯ ನಿದರ್ಶನ. ಮೊಟ್ಟೆ ಬಾಣಲೆಯಲ್ಲಿದೆ ಎಂಬಂಥ ವಾಕ್ಯವನ್ನು ಕೆಲವರಿಗೂ, ಮೊಟ್ಟೆ ಫ್ರಿಜ್ಜಿನಲ್ಲಿದೆ ಎಂಬಂಥದನ್ನು ಕೆಲವರಿಗೂ ಓದಿಸಿ, ಕೂಡಲೇ ಒಂದು ಚಿತ್ರ ತೋರಿಸಿ, ಅದರಲ್ಲಿರುವ ವಸ್ತುವನ್ನು ಗುರುತಿಸಲು ಕೇಳಲಾಯಿತು. ವಾಕ್ಯದಲ್ಲಿ ಮೊಟ್ಟೆಯ ಆಕಾರದ ಸುದ್ದಿಯೇ ಇಲ್ಲ. ಆದರೂ ಬಾಣಲೆಯ ವಾಕ್ಯ ಓದಿದವರು ಒಡೆದು ಹರಡಿದ ಮೊಟ್ಟೆಯ ಚಿತ್ರಕ್ಕೂ, ಫ್ರಿಜ್ಜಿನ ವಾಕ್ಯ ಓದಿದವರು ಇಡಿಯಾದ ಮೊಟ್ಟೆಯ ಚಿತ್ರಕ್ಕೂ ಬೇಗ ಸ್ಪಂದಿಸಿದರು. ಆಕಾಶದಲ್ಲಿರುವ ಹದ್ದು ಮತ್ತು ಗೂಡಿನಲ್ಲಿರುವ ಹದ್ದಿನ ವಿಷಯದಲ್ಲೂ ಹೀಗೆಯೇ ಆಯಿತು, ರೆಕ್ಕೆ ಬಿಚ್ಚಿದ್ದೋ ಮಡಿಸಿದ್ದೋ ಎಂಬುದನ್ನು ಓದುಗರ ಮನಸ್ಸು ತಾನೇ ತುಂಬಿಕೊಂಡಿತ್ತು. ಈ ವ್ಯತ್ಯಾಸ ಸೆಕೆಂಡಿನ ಅತ್ಯಲ್ಪ ಭಾಗದ್ದು. ಚಿತ್ರವೊಂದು ಮನಸ್ಸಿಗೆ ಕಂಡಿತೆಂದು ಓದಿದವರು ಹೇಳಬೇಕಾದ ಅಗತ್ಯವೂ ಇದಕ್ಕಿಲ್ಲ. ಅರಿವಿಗೆ ಬರುವ ಬಿಂಬಕ್ಕೂ ಅರಿವಿನ ಕೆಳಗೇ ಮುಗಿದುಹೋಗುವ ಈ ಸಿದ್ಧತೆಗೂ ಇರುವ ಭೇದವನ್ನು ಮರೆತರೆ ಮುಂದಿನದು ಅರ್ಥವಾಗುವುದಿಲ್ಲ.

ಈ ಶತಮಾನದ ಮೊದಲ ದಶಕದಲ್ಲಿ ಬ್ರಿಟನ್ನಿನ ನಿವೃತ್ತ ಕಟ್ಟಡ ಸರ್ವೇಯರ್ ಒಬ್ಬರು, ಹೃದಯದ ರಕ್ತನಾಳಕ್ಕೆ ಆಂಜಿಯೋಪ್ಲಾಸ್ಟಿ ಮಾಡಿಸಿಕೊಂಡ ಬಳಿಕ, ಮನಸ್ಸಿನಲ್ಲಿ ಚಿತ್ರಗಳನ್ನು ಕಾಣುವ ಶಕ್ತಿ ಏಕಾಏಕಿ ಹೊರಟುಹೋಯಿತೆಂದು ನರವೈದ್ಯ ಆಡಂ ಝೀಮನ್ ಅವರ ಬಳಿ ಬಂದರು. ಪರೀಕ್ಷಿಸಿದರೆ ದೃಷ್ಟಿ, ಬುದ್ಧಿ, ನೆನಪು ಎಲ್ಲ ಸರಿಯಾಗಿದ್ದವು. ಕಟ್ಟಡಗಳ, ಊರುಗಳ ವಿವರ ಹೇಳಬಲ್ಲವರಾಗಿದ್ದರು, ಕಾಣುವುದು ಮಾತ್ರ ನಿಂತಿತ್ತು. 2010ರಲ್ಲಿ ಈ ವರದಿ ಪ್ರಕಟವಾಗಿ ಸುದ್ದಿಯಾದ ಮೇಲೆ, ತಮಗೆ ಹುಟ್ಟಿನಿಂದಲೇ ಹೀಗಿದೆಯೆಂದು ಇಪ್ಪತ್ತೊಂದು ಮಂದಿ ಝೀಮನ್ ಅವರನ್ನು ಸಂಪರ್ಕಿಸಿದರು. 2015ರಲ್ಲಿ ಈ ಸ್ಥಿತಿಗೆ ಅಫ್ಯಾಂಟೇಸಿಯಾ ಎಂಬ ಹೆಸರು ಬಿತ್ತು; ಬಿಂಬಗಳು ನೈಜ ದೃಶ್ಯದಷ್ಟೇ ಉಜ್ವಲವಾಗಿರುವ ಎದುರು ತುದಿಯನ್ನು ಹೈಪರ್‌ಫ್ಯಾಂಟೇಸಿಯಾ ಎನ್ನುತ್ತಾರೆ. ಬಿಂಬಗಳೇ ಇಲ್ಲದವರು ಮತ್ತು ಅತಿ ಮಸುಕಾಗಿರುವವರು ಸೇರಿ ಜನಸಂಖ್ಯೆಯಲ್ಲಿ ಶೇಕಡಾ 4ರಷ್ಟಿರಬಹುದೆಂದು 2022ರ ಒಂದು ಅಧ್ಯಯನ ಅಂದಾಜಿಸಿದೆ. ಇದು ರೋಗವಲ್ಲ. ಇವರಲ್ಲಿ ಕಾದಂಬರಿಪ್ರಿಯರಿದ್ದಾರೆ, ಕಾದಂಬರಿ ಬರೆಯುವವರೂ ಇದ್ದಾರೆ. ನಿಸರ್ಗವರ್ಣನೆ ಬಂದರೆ ಪುಟ ಮಗುಚಿ ಮಾತುಕತೆ ಸಿಗುವಲ್ಲಿಗೆ ಹಾರುತ್ತೇವೆಂದು ಒಪ್ಪಿಕೊಳ್ಳುವವರೂ ಉಂಟು, ಮಲೆನಾಡಿನ ಕಾಡಿನ ವಿವರಗಳಲ್ಲಿ ಪುಟಗಟ್ಟಲೆ ವಿಹರಿಸುವ ಕುವೆಂಪು ಅವರ ಕಾದಂಬರಿಗಳು ಅಂಥವರಿಗೆ ಬೇರೆಯೇ ಪುಸ್ತಕಗಳಾಗಿರಬೇಕು.

ಬಿಂಬಗಳಿಲ್ಲವೆಂಬುದು ಬರೀ ಮಾತಿನ ವ್ಯತ್ಯಾಸವೋ, ನಿಜವಾದ ಭೇದವೋ ಎಂಬ ಸಂಶಯ ಸಹಜವಾಗಿತ್ತು. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ ಜೋಯಲ್ ಪಿಯರ್ಸನ್ ಮತ್ತು ಸಂಗಡಿಗರು ಅದಕ್ಕೆ ಬೆವರಿನ ಮೂಲಕ ಉತ್ತರ ಪಡೆದರು. ಭಯವಾದಾಗ ಚರ್ಮದಲ್ಲಿ ಸೂಕ್ಷ್ಮವಾಗಿ ಬೆವರೊಡೆದು ಅದರ ವಿದ್ಯುದ್ವಾಹಕತೆ ಏರುತ್ತದೆ. ಕತ್ತಲೆಯ ಕೋಣೆಯಲ್ಲಿ ಒಬ್ಬೊಬ್ಬರನ್ನೇ ಕೂರಿಸಿ, ಸಮುದ್ರದಲ್ಲಿ ಈಜುವಾಗ ಶಾರ್ಕ್ ಎದುರಾಗುವಂಥ, ವಿಮಾನ ಬೀಳುವಂಥ ಕಥೆಗಳನ್ನು ಪರದೆಯ ಮೇಲೆ ವಾಕ್ಯ ವಾಕ್ಯವಾಗಿ ಓದಿಸಿದಾಗ, ಬಿಂಬಗಳನ್ನು ಕಾಣುವವರ ಚರ್ಮದ ವಾಹಕತೆ ಕಥೆ ಮುಂದುವರಿದಂತೆ ಏರುತ್ತ ಹೋಯಿತು, ಅಫ್ಯಾಂಟೇಸಿಯಾ ಇರುವವರದು ಬಹುಮಟ್ಟಿಗೆ ಸಮತಟ್ಟಾಗಿಯೇ ಉಳಿಯಿತು. ಅವರಿಗೆ ಭಯವೇ ಆಗುವುದಿಲ್ಲವೇನೋ ಎಂಬ ಅನುಮಾನವನ್ನು ಕಳೆಯಲು ಹೆಣ, ಹಾವು ಮುಂತಾದವುಗಳ ಚಿತ್ರಗಳನ್ನು ತೋರಿಸಿ ನೋಡಿದರೆ ಇಬ್ಬರೂ ಸಮಸಮವಾಗಿ ಬೆವರಿದರು. 2021ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಪಾಲ್ಗೊಂಡವರು ಒಟ್ಟು ಐವತ್ತಕ್ಕೂ ಕಡಿಮೆ ಎಂಬುದನ್ನು ಮರೆಯಬಾರದು. ಆದರೂ ಓದಿನ ಭಯಕ್ಕೆ ಅಕ್ಷರಕ್ಕೂ ಚರ್ಮಕ್ಕೂ ನಡುವೆ ಬಿಂಬವೆಂಬ ಮಧ್ಯವರ್ತಿ ಬೇಕಾಗುವಂತೆ ಕಾಣುತ್ತದೆ.

ಹೀಗೆ ಅಳತೆಗಳು ಒಂದು ಹೇಳುತ್ತಿದ್ದರೂ, ಓದುಗರ ಹೇಳಿಕೆಗಳನ್ನು ಎಷ್ಟು ನಂಬಬೇಕೆಂಬ ತಕರಾರು ಇನ್ನೂ ತೀರಿಲ್ಲ. ಡರಂ ವಿಶ್ವವಿದ್ಯಾಲಯದ ಚಾರ್ಲ್ಸ್ ಫರ್ನಿಹೋ ಮತ್ತು ಸಹೋದ್ಯೋಗಿಗಳು ಸಾವಿರದ ಐನೂರಕ್ಕೂ ಹೆಚ್ಚು ಓದುಗರನ್ನು ಪ್ರಶ್ನಿಸಿ 2017ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಪಾತ್ರಗಳ ದನಿ ಸ್ಪಷ್ಟವಾಗಿ ಕೇಳುತ್ತದೆಂದವರು ಬಹಳ. ಪುಸ್ತಕ ಮುಚ್ಚಿಟ್ಟ ಮೇಲೂ ಅವು ತಮ್ಮ ದಿನನಿತ್ಯದ ಯೋಚನೆಯಲ್ಲಿ ಮಾತಾಡುತ್ತಿರುತ್ತವೆಂದವರು ಐವರಲ್ಲಿ ಒಬ್ಬರಷ್ಟು. ನೆವಾಡಾ ವಿಶ್ವವಿದ್ಯಾಲಯದ ರಸೆಲ್ ಹರ್ಲ್‌ಬರ್ಟ್ ಇಂಥ ಪ್ರಶ್ನಾವಳಿಗಳನ್ನು ಒಪ್ಪುವುದಿಲ್ಲ. ಅವರು 1970ರ ದಶಕದಿಂದ ಬೆಳೆಸಿಕೊಂಡು ಬಂದ ವಿಧಾನದಲ್ಲಿ ಒಂದು ಸಣ್ಣ ಉಪಕರಣವು ಅನಿರೀಕ್ಷಿತವಾಗಿ ಬೀಪ್ ಎನ್ನುತ್ತದೆ. ಆ ಸದ್ದಿಗೆ ಮುಂಚಿನ ಕ್ಷಣದಲ್ಲಿ ಮನಸ್ಸಿನಲ್ಲಿ ಏನಿತ್ತೆಂಬುದನ್ನು ಮಾತ್ರ ಗುರುತು ಹಾಕಿಕೊಂಡು, ಆಮೇಲೆ ದೀರ್ಘ ಸಂದರ್ಶನದಲ್ಲಿ ಅದನ್ನು ಜರಡಿ ಹಿಡಿಯಲಾಗುತ್ತದೆ. ಫಿಟ್ಜೆರಾಲ್ಡ್ ಮತ್ತು ಹೆಮಿಂಗ್ವೇ ಅವರ ಕಥೆಗಳನ್ನು ಓದುತ್ತಿದ್ದವರಲ್ಲಿ ಹೀಗೆ ಸಂಗ್ರಹಿಸಿದ ಕ್ಷಣಗಳಲ್ಲಿ, ಪುಟದ ಮೇಲಿನ ಪದಗಳು ಒಳಗೆ ಹಾಗೆಯೇ ಉಚ್ಚಾರವಾಗುತ್ತಿದ್ದುದು ಅತ್ಯಂತ ವಿರಳವಾಗಿತ್ತೆಂದು, ಮನೋಬಿಂಬಗಳು ಅದಕ್ಕಿಂತ ಎಷ್ಟೋ ಹೆಚ್ಚಾಗಿದ್ದವೆಂದು 2018ರ ವರದಿ ಹೇಳಿತು. ಅದೇ ವರ್ಷ ಅಲನ್ ಮೂರ್ ಮತ್ತು ತತ್ತ್ವಜ್ಞಾನಿ ಎರಿಕ್ ಶ್ವಿಟ್ಜ್‌ಗೆಬೆಲ್ ಪ್ರಕಟಿಸಿದ ಅಧ್ಯಯನದಲ್ಲಿ, ತಾವು ಸಾಮಾನ್ಯವಾಗಿ ಹೇಗೆ ಓದುತ್ತೇವೆಂದು ಜನ ಹೇಳಿದ್ದಕ್ಕೂ, ಓದನ್ನು ನಡುವೆ ತಡೆದು ಕೇಳಿದಾಗ ಅವರೇ ಕೊಟ್ಟ ಉತ್ತರಗಳಿಗೂ ಹೊಂದಿಕೆ ಕಡಿಮೆಯಿತ್ತು.

ಶ್ರವಣ ಪ್ರದೇಶದ ಮಿಡಿತವೂ ಹರ್ಲ್‌ಬರ್ಟ್ ಅವರ ಬೀಪುಗಳೂ ಪರಸ್ಪರ ವಿರುದ್ಧವೆಂದು ತೋರಿದರೂ, ಎರಡೂ ಏಕಕಾಲಕ್ಕೆ ನಿಜವಾಗಿರಲು ಅಡ್ಡಿಯಿಲ್ಲ. ಪದಗಳ ಧ್ವನಿರೂಪವನ್ನು ಮಿದುಳು ಎಲ್ಲರಲ್ಲಿಯೂ ಬಹುಮಟ್ಟಿಗೆ ಸಿದ್ಧಪಡಿಸುತ್ತಿರಬಹುದು. ಅದರಲ್ಲಿ ಎಷ್ಟು ಭಾಗ ಅರಿವಿನ ಹೊಸ್ತಿಲು ದಾಟಿ ದನಿಯೆಂದು ಅನುಭವಕ್ಕೆ ಬರುತ್ತದೆಂಬುದು ಓದುಗರಿಂದ ಓದುಗರಿಗೆ, ಪುಟದಿಂದ ಪುಟಕ್ಕೆ ಬದಲಾಗುತ್ತದೆ. ಸಾಲು ಸರಾಗವಾಗಿದ್ದಾಗ ದನಿ ಹಿಂದೆ ಸರಿದು, ಪ್ರಾಸ ಬಂದಾಗ, ವಾದ ಜಟಿಲವಾದಾಗ, ಪರಿಚಿತರ ಪತ್ರ ಓದುವಾಗ ಮುಂದೆ ಬರುತ್ತದೆ. ಮನೋಬಿಂಬಗಳಿಗೂ ಇದೇ ಲೆಕ್ಕ ಅನ್ವಯಿಸುವುದಾದರೂ, ಅಲ್ಲಿ ಕೆಲವರ ಮಟ್ಟಿಗೆ ಆ ಹೊಸ್ತಿಲನ್ನು ಏನೂ ದಾಟುವುದಿಲ್ಲವೆಂಬುದಕ್ಕೆ ಆಸ್ಟ್ರೇಲಿಯದ ಪ್ರಯೋಗದ ಬೆವರಿನ ಸಾಕ್ಷ್ಯವಿದೆ.

ದನಿಯ ವಿಷಯದಲ್ಲಿಯೂ ಅಂಥ ಸಾಕ್ಷ್ಯಕ್ಕಾಗಿ ಈಗ ಹುಡುಕಾಟ ನಡೆದಿದೆ. ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಯೊಹಾನ ನೆಡರ್‌ಗಾರ್ಡ್ ಮತ್ತು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಗ್ಯಾರಿ ಲುಪಿಯನ್ 2024ರಲ್ಲಿ, ಒಳಮಾತು ಬಹಳ ಕಡಿಮೆಯೆಂದು ಹೇಳಿಕೊಂಡವರನ್ನೂ ಬಹಳ ಹೆಚ್ಚೆಂದವರನ್ನೂ ಆರಿಸಿ, ಹೇಳಿಕೆಯನ್ನು ಕೆಲಸದಿಂದ ಪರೀಕ್ಷಿಸಿದರು. ಎರಡು ಚಿತ್ರಗಳನ್ನು ತೋರಿಸಿ ಅವುಗಳ ಹೆಸರುಗಳಿಗೆ ಪ್ರಾಸವಿದೆಯೇ ಎಂದು ಕೇಳಿದಾಗ, ಹೆಸರನ್ನು ಒಳಗೇ ಉಚ್ಚರಿಸಿ ನೋಡದೆ ಉತ್ತರಿಸುವುದು ಕಷ್ಟ. ಒಳಮಾತು ಕಡಿಮೆಯಿದ್ದವರು ಇದರಲ್ಲಿಯೂ, ಪದಗಳ ಪಟ್ಟಿಯನ್ನು ಕ್ರಮವಾಗಿ ನೆನಪಿಟ್ಟುಕೊಳ್ಳುವುದರಲ್ಲಿಯೂ ಹಿಂದೆ ಬಿದ್ದರು. ಒಂದು ಕೆಲಸದಿಂದ ಇನ್ನೊಂದಕ್ಕೆ ಗಮನವನ್ನು ಬದಲಿಸುವ ಪರೀಕ್ಷೆಯಲ್ಲಿ ಮಾತ್ರ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ಪದಗಳನ್ನು ಬಾಯಿಬಿಟ್ಟು ಗಟ್ಟಿಯಾಗಿ ಹೇಳಿಕೊಂಡೆವೆಂದು ತಿಳಿಸಿದವರಲ್ಲಿ ಆ ಹಿನ್ನಡೆಯೂ ಕಾಣಲಿಲ್ಲ.